ಅಟ್ಟದ ಮನೆಯ ಎಡ ಬಲ

ಪೇಟೆಯ ನಡುವೆ, ತಮ್ಮ ಹೊಲಿಗೆ ಅಂಗಡಿಯಿಂದ ಕೂಗಳತೆ ದೂರದಲ್ಲಿ ಬಾಡಿಗೆ ಮನೆ ಸಿಕ್ಕಿದೆ ಎಂದು ಸೊಸೆ ಬಂದು ಹೇಳಿದಾಗ, ಅತ್ತೆ ಮನೆ ಎಂಥದು ಎಂದು ಕೇಳಲಿಲ್ಲ. "ಅದರ ಐಬೇನು, ಅದನ್ನ ಮೊದಲು ಹೇಳು" ಎಂದರು.

ಐಬೇನು ಒಂದೇ ಎರಡೇ! ಮೊದಲನೆಯದಾಗಿ ಅದು ಮನೆಯೇ ಅಲ್ಲ. ತಾತಂದಿರ ಕಾಲದಲ್ಲಿ ನೂಲಿನ ಗೋದಾಮಾಗಿದ್ದ ಕಲ್ಲಿನ ಕಟ್ಟಡ. ಕೆಳಗೆ ಅಂಗಡಿಗಳು, ಅದರ ಮೇಲೆ ಆಫೀಸುಗಳು, ನೆತ್ತಿಯ ಮೇಲೆ ಎದುರುಬದುರಾಗಿ ಎರಡು ಅಟ್ಟ. ಒಂದಕ್ಕೆ ಸದಾ ಬೀಗ, ಇನ್ನೊಂದು ಬಾಡಿಗೆಗೆ. ಕೋಣೆ ಗೀಣೆ ಎಂಬುದಿಲ್ಲ, ಒಂದೇ ಉದ್ದನೆಯ ಹಜಾರ, ನಡುವೆ ಕಬ್ಬಿಣದ ಕಂಬ. ಒಂದು ಮಗ್ಗುಲಿನಲ್ಲಿ ಸೂರು ಇಳಿಯುತ್ತಾ ಇಳಿಯುತ್ತಾ ಬಂದು, ಸರಿಯಾಗಿ ಹಣೆಯ ಮಟ್ಟಕ್ಕೆ ಒಂದು ದಪ್ಪ ತೊಲೆಯ ಮೇಲೆ ಕೂತಿತ್ತು. ಇದಕ್ಕೆ ಲಾಫ್ಟ್ ಅಂತಾರೆ ಎಂದು ಸೊಸೆ ವಿವರಿಸಿದಳು.

"ಅಟ್ಟ ಅನ್ನೇ ಬಾಯ್ತುಂಬ" ಎಂದರು ಅತ್ತೆ. "ಹಿಂದೆ ಅಟ್ಟದ ಮೇಲೆ ಒಡಕು ತಪ್ಪಲೆ ಇಡ್ತಿದ್ರು. ಈಗ ಅತ್ತೇನ ಇಡ್ತಾರೆ ಅಂತಾಯ್ತು."

"ಪಕ್ಕದಲ್ಲಿ ಸೊಸೇನೂ ಇರ್ತಾಳಲ್ಲ, ಬಿಡಿ. ಎರಡು ತಪ್ಪಲೆ."

ಇವರಿಬ್ಬರ ಮಾತೇ ಹೀಗೆ. ಕೇಳಿದವರು ಜಗಳ ಎಂದುಕೊಳ್ಳಬೇಕು. ಅತ್ತೆ ಆಯುಷ್ಯವೆಲ್ಲ ಹೊಲಿಗೆ ಅಂಗಡಿ ನಡೆಸಿದವರು. ಕಣ್ಣು ಮಂಜಾಗಿ, ಮಂಜು ದಟ್ಟವಾಗಿ, ಈಗ ಬೆಳಕು ಯಾವುದು ನೆರಳು ಯಾವುದು ಎಂಬಷ್ಟೇ ತಿಳಿಯುತ್ತಿತ್ತು. ಕತ್ತರಿ ಸೊಸೆಯ ಕೈಗೆ ಬಂದಿತ್ತು. ನಡುವಿದ್ದ ಗಂಡಸು, ಒಬ್ಬರಿಗೆ ಮಗ, ಒಬ್ಬಳಿಗೆ ಗಂಡ, ಜ್ವರದಲ್ಲಿ ತೀರಿಕೊಂಡು ವರ್ಷಗಳಾಗಿದ್ದವು. ಕೊಂಡಿ ಕಳಚಿದ ಮೇಲೂ ಸರಪಳಿ ಹಾಗೇ ನಿಂತಿತ್ತು. ಬೆಳಗ್ಗೆ ಎದ್ದು ಅತ್ತೆಯ ಒಂದು ಬೈಗುಳ ಕಿವಿಗೆ ಬೀಳದಿದ್ದರೆ ಸೊಸೆಗೆ ದಿನ ಶುರುವಾದಂತೆಯೇ ಅನ್ನಿಸುತ್ತಿರಲಿಲ್ಲ.

ಇದ್ದ ಮನೆಯಲ್ಲಿ ಅತ್ತೆಗೆ ಕಣ್ಣು ಬೇಕಿರಲಿಲ್ಲ, ಕೈಯೇ ಕಣ್ಣು. ಆದರೆ ಮನೆಯ ಮಾಲೀಕರು ಅದನ್ನು ಮಾರಿದರು. ಸುದ್ದಿ ಕೇಳಿದ್ದೇ ತಡ ನಾದಿನಿ ಓಡಿ ಬಂದಳು. ನಾದಿನಿ ಆಸ್ಪತ್ರೆಯಲ್ಲಿ ನರ್ಸು, ಅದೂ ಮೂಳೆ ಮುರಿದವರ ವಾರ್ಡಿನಲ್ಲಿ. ಅವಳ ಪಾಲಿಗೆ ಲೋಕದ ಮುದುಕಿಯರೆಲ್ಲ ಎರಡೇ ಬಗೆ, ಬಿದ್ದವರು ಮತ್ತು ಬೀಳಲಿರುವವರು.

"ಅತ್ತಿಗೆ, ನೀವು ಹಗಲೆಲ್ಲ ಅಂಗಡೀಲಿರ್ತೀರ. ಗೊತ್ತಿಲ್ಲದ ಮನೇಲಿ ಅಮ್ಮ ಒಬ್ಬಳೇ ಹೇಗೆ ಓಡಾಡ್ತಾಳೆ? ಮನೆ ಬದಲಾಯಿಸೋ ದಿನ ನಾನೂ ಬರ್ತೀನಿ. ಅಮ್ಮ ಯಾರ ಕೈಯೂ ಹಿಡಿಯದೆ ಓಡಾಡಿ ತೋರಿಸ್ಲಿ. ಆಗಲಿಲ್ಲ ಅಂದ್ರೆ ನನ್ನ ಜೊತೆ ಕರ್ಕೊಂಡು ಹೋಗ್ತೀನಿ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳಲು ಅದರಲ್ಲಿ ಏನೂ ಇರಲಿಲ್ಲ, ಅದೇ ಕಷ್ಟ. ಹೆತ್ತ ತಾಯಿಯ ಮೇಲಿನ ಪ್ರೀತಿಯಿಂದ ಆಡಿದ ಮಾತು. ಮಗಳು ಕರೆದರೆ ಬೇಡ ಎನ್ನಲು ಸೊಸೆ ಯಾವ ಊರಿನ ದೊಣ್ಣೆನಾಯಕಿ? ಸೊಸೆ ಸುಮ್ಮನೆ ತಲೆಯಾಡಿಸಿದಳು.

ಕಟ್ಟಡದ ಬೀಗಗಳೆಲ್ಲ ಸೊಂಟದಲ್ಲಿ ನೇತಾಡುತ್ತಿದ್ದ ಕಾವಲುಗಾರನನ್ನು ಎಲ್ಲರೂ ಬೀಗದಣ್ಣ ಎನ್ನುತ್ತಿದ್ದರು. ಅತ್ತೆಗೆ ಹಿಡಿದು ನಡೆಯಲು ಗೋಡೆಯುದ್ದಕ್ಕೂ ಒಂದು ಸರಳು ಹಾಕಿಸಲೇ ಎಂದು ಸೊಸೆ ಕೇಳಿದಳು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡ.

"ಸರಳಾ? ಒಂದು ಮೊಳೆ ಹೊಡೆಯೋ ಹಾಗಿಲ್ಲಕ್ಕ. ಇದು ಹಳೇ ಕಾಲದ ಕಟ್ಟಡ, ಕಾಪಾಡಬೇಕು ಅಂತ ಸರ್ಕಾರದ ಹುಕುಂ ಆಗಿದೆ. ನನ್ನ ಕ್ಯಾಲೆಂಡರ್ರೇ ಕುರ್ಚಿ ಮೇಲೆ ಕೂತಿದೆ."

ಹೋಗಲಿ, ಅತ್ತೆಯನ್ನೇ ಮೊದಲು ಕರೆತಂದು ಕೈಯಾಡಿಸಲು ಬಿಡೋಣವೆಂದರೆ ಲಿಫ್ಟು ಕೆಟ್ಟು ರಿಪೇರಿಗೆ ನಿಂತಿತ್ತು. ಅಷ್ಟು ಮೆಟ್ಟಿಲು ಹತ್ತಲು ಅತ್ತೆಯ ಮಂಡಿ ಕೇಳುವಂತಿರಲಿಲ್ಲ.

ಆಗ ಸೊಸೆಗೆ ಹೊಳೆದದ್ದು ಅವಳ ಕಸುಬು. ಅಳತೆ ಟೇಪು ಹಿಡಿದು ಅಟ್ಟವನ್ನೆಲ್ಲ ಅಳೆದಳು. ಅಂಗಡಿಗೆ ಬಂದು ದಪ್ಪ ಕ್ಯಾನ್ವಾಸ್ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಮನೆಯ ನಕ್ಷೆ ಎಳೆದಳು. ಗೀಟಿನ ಮೇಲೆ ದಪ್ಪ ದಾರ ಕೂರಿಸಿದರೆ ಬೆರಳಿಗೆ ಗೋಡೆ ಸಿಗುತ್ತದೆ. ದಪ್ಪ ದಾರ ಸೂಜಿಯ ಕಣ್ಣಿಗೆ ಹೋಗುವುದಿಲ್ಲ, ಅದನ್ನು ಹೊಲಿಗೆ ಯಂತ್ರದ ಅಡಿಯ ಉರುಳೆಗೆ, ಬಾಬಿನ್ನಿಗೆ, ಸುತ್ತಿ ಹೊಲಿಯಬೇಕು, ಆಗ ದಾರ ಬಟ್ಟೆಯ ಅಡಿಮೈಯಲ್ಲಿ ಉಬ್ಬಿ ಕೂರುತ್ತದೆ. ಹಾಗೇ ಹೊಲಿದಳು. ಆ ಉಬ್ಬಿದ ಮೈಯ ಮೇಲೆ ನಲ್ಲಿಯಿರುವ ಅಡುಗೆ ಮೂಲೆಗೆ ಒಂದು ಗುಂಡಿ, ಬಚ್ಚಲಿಗೆ ಹುಕ್ಕು, ಕಂಬಕ್ಕೆ ಗಂಟು, ತಗ್ಗಿದ ಸೂರಿಗೆ ಒತ್ತೊತ್ತಾಗಿ ಹೊಲಿಗೆ ಹಾಕಿದಳು. ಮನೆಯನ್ನೇ ಮಡಚಿ ಕೈಗಿಟ್ಟಂತಾಯಿತು.

ಅತ್ತೆ ಅದನ್ನು ಮಡಿಲಲ್ಲಿ ಹರಡಿಕೊಂಡು ಮಧ್ಯಾಹ್ನವೆಲ್ಲ ಬೆರಳಾಡಿಸಿದರು. ಬಾಗಿಲಿಂದ ಗುಂಡಿಗೆ, ಗುಂಡಿಯಿಂದ ಗಂಟಿಗೆ, ಗಂಟಿನಿಂದ ಹುಕ್ಕಿಗೆ. ಎಲ್ಲಿ, ಒಂದು ಸಲ ಒಪ್ಪಿಸಿ ನೋಡೋಣ ಎಂದು ಸೊಸೆ ಕೇಳಿದರೆ, "ನನಗೇ ಪರೀಕ್ಷೆ ಇಡ್ತೀಯಾ? ನಿನಗೆ ಸೂಜಿ ಹಿಡಿಯೋದು ಕಲಿಸಿದ್ದು ಯಾರು? ಹೋಗೇ, ಹೋಗಿ ಒಲೆ ನೋಡು" ಎಂದು ಅಟ್ಟಿದರು.

ಆ ದಿನ ಬಂತು. ಲಿಫ್ಟು ಸರಿಹೋಗಿತ್ತು. ನಾದಿನಿ ರಜೆ ಹಾಕಿ, ತಾಯಿಯ ಬಟ್ಟೆ ತುಂಬಿಕೊಳ್ಳಲು ಒಂದು ಖಾಲಿ ಚೀಲವನ್ನೂ ಹಿಡಿದು ಬಂದಿದ್ದಳು. ಬೀಗದಣ್ಣ ಬಾಗಿಲು ತೆರೆದ.

"ಎಲ್ಲರೂ ಹಿಂದೆ ಸರೀರಿ" ಎಂದರು ಅತ್ತೆ. ಮದುವೆಮನೆಗೆ ಹೊರಟವರ ಉತ್ಸಾಹ. ಹೊಸ್ತಿಲು ದಾಟಿ, ಒಂದಿಷ್ಟೂ ತಡವರಿಸದೆ, ಬಲಕ್ಕೆ ತಿರುಗಿ ಸರಸರ ನಡೆದರು. "ನೋಡ್ಕೊ ಮಗಳೇ, ಇಲ್ಲಿದೆ ನಲ್ಲಿ..."

ಧಡ್ ಎಂದು ಹಣೆ ತೊಲೆಗೆ ಬಡಿಯಿತು.

ನಾದಿನಿ ಚೀರಿದಳು. ಸೊಸೆ ಓಡಿ ಹೋಗಿ ಹಿಡಿದುಕೊಂಡಳು. ಹಣೆಯ ಮೇಲೆ ಆಗಲೇ ನೆಲ್ಲಿಕಾಯಿ ಗಾತ್ರ ಊದಿತ್ತು. ಅತ್ತೆ ನೋವಿಗೆ ಅಳಲಿಲ್ಲ. ಕೈ ಚಾಚಿ ತೊಲೆಯನ್ನು ಮುಟ್ಟಿ ಮುಟ್ಟಿ ನೋಡಿದರು.

"ನಲ್ಲಿ ಎಲ್ಲಿ ಹೋಯ್ತು?"

"ಆ ಕಡೆ ಅತ್ತೆ, ಎಡಗಡೆ. ಈ ಕಡೆ ಯಾಕೆ ಬಂದ್ರಿ?"

"ಎಡಗಡೆ ಸೂರು ಇರೋದು ಕಣೇ!"

"ಇಲ್ಲ ಅತ್ತೆ, ಸೂರು ಬಲಗಡೆ."

"ನನಗೆ ಗೊತ್ತಿಲ್ವಾ? ಬಲಗಡೆ ನಲ್ಲಿ, ಎಡಗಡೆ ಸೂರು, ಸೂರು ದಾಟಿದ್ರೆ ಬಚ್ಚಲು."

ಸೊಸೆ ಸುತ್ತ ನೋಡಿದಳು. ಅತ್ತೆ ಅಷ್ಟು ಖಡಾಖಂಡಿತವಾಗಿ ಹೇಳಿದ ಮೇಲೆ ಅವಳಿಗೇ ಅನುಮಾನ ಹುಟ್ಟಿತು. ಅವತ್ತು ತಾನು ಅಳೆದಾಗ ನಲ್ಲಿ ಎಲ್ಲಿತ್ತು? ಕಿಟಕಿಯ ಬಿಸಿಲು ಯಾವ ಕೆನ್ನೆಗೆ ಬಿದ್ದಿತ್ತು? ನೆನೆದಷ್ಟೂ ಕಲಸಿಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳೂ ಬೀಗದಣ್ಣನ ಮೇಲೆ ಹರಿಹಾಯ್ದಳು.

"ಏನಣ್ಣ, ತೋರಿಸಿದ್ದು ಒಂದು ಮನೆ, ಕೊಡೋದು ಇನ್ನೊಂದು ಮನೇನಾ? ಎದುರುಗಡೆ ಅಟ್ಟದ ಕೀಲಿ ತಂದಿದೀರಿ ನೀವು!"

"ಅಯ್ಯೋ ಅಕ್ಕ, ಅದು ಸೋರುತ್ತೆ ಅಂತ ಯಾರಿಗೂ ಕೊಡೋದೇ ಇಲ್ಲ. ಬಾಗಿಲು ತೆಗೆದು ಯಾವ ಕಾಲವಾಯ್ತೋ. ಬನ್ನಿ, ಕಣ್ಣಾರೆ ನೋಡಿ."

ಅವನು ರೊಯ್ಯನೆ ಹೋಗಿ ಎದುರಿನ ಬೀಗ ತೆಗೆದ. ತುಕ್ಕು ಹಿಡಿದ ಬಾಗಿಲನ್ನು ಭುಜ ಕೊಟ್ಟು ನೂಕಬೇಕಾಯಿತು. ಒಳಗೆ ಕಾಲು ಹೂತುಹೋಗುವಷ್ಟು ಧೂಳು. ಅದೇ ಹಜಾರ, ಅದೇ ಕಂಬ, ಅದೇ ತೊಲೆ. ಎಲ್ಲವೂ ತಿರುಗುಮುರುಗು.

ಯಾರೂ ಏನೂ ಹೇಳುವ ಮೊದಲೇ ಅತ್ತೆ ಒಳಗೆ ಹೆಜ್ಜೆಯಿಟ್ಟರು. ಬಲಕ್ಕೆ ತಿರುಗಿದರು. ಚಾಚಿದ ಕೈ ನೇರ ನಲ್ಲಿಯ ಮೇಲೆ ಹೋಗಿ ಕೂತಿತು. ಅಲ್ಲಿಂದ ಕಂಬ, ಕಂಬವನ್ನು ಬಳಸಿ, ಸೂರಿಗೆ ಸಿಗದಂತೆ ದೂರ ಉಳಿದು, ಬಚ್ಚಲಿನ ಚಿಲಕ. ನೀರು ಹರಿದ ಹಾಗೆ ನಡೆದರು. ಧೂಳಿನಲ್ಲಿ ಒಂದೇ ಸಾಲು ಹೆಜ್ಜೆ ಮೂಡಿತು, ಎಲ್ಲೂ ತಡವರಿಸಿದ ಗುರುತಿಲ್ಲ.

ಬೀಗದಣ್ಣ ಒಂದು ಹೆಜ್ಜೆ ಹಿಂದೆ ಸರಿದ. "ಅಮ್ಮಾವ್ರೇ, ಈ ಮನೇಲಿ ನೀವು ಹಿಂದೆ ಯಾವತ್ತಾದ್ರೂ ಇದ್ರಾ? ಈ ಜನ್ಮದಲ್ಲೇ ಆಗಬೇಕು ಅಂತೇನಿಲ್ಲ."

"ಅತ್ತಿಗೆ, ನೀವು ಅಳೆದಿದ್ದು ಇದೇ ಮನೆ" ಎಂದಳು ನಾದಿನಿ.

"ದೇವರಾಣೆ ಇಲ್ಲ. ಈ ಧೂಳಲ್ಲಿ ನನ್ನ ಹೆಜ್ಜೆ ಎಲ್ಲಿದೆ, ತೋರಿಸು."

ಹೆಜ್ಜೆ ಇರಲಿಲ್ಲ. ಮೂವರು ಕಣ್ಣಿದ್ದವರು ಬಾಯಿ ಬಿಟ್ಟುಕೊಂಡು ನಿಂತರು. ಸೊಸೆಗೆ ತಲೆ ಗಿರ್ರೆಂದಿತು. ಇದು ಅದೋ, ಅದು ಇದೋ? ಉಣ್ಣುವ ಕೈ ಯಾವುದೆಂದು ಎರಡೂ ಕೈ ಎತ್ತಿ ನೋಡಿಕೊಂಡಳು.

ಆದರೆ ಎಲ್ಲರಿಗಿಂತ ಹೆಚ್ಚು ಬೆದರಿದವರು ಅತ್ತೆ. ಬಚ್ಚಲಿನ ಬಾಗಿಲಿಗೆ ಒರಗಿ, ಸಣ್ಣ ದನಿಯಲ್ಲಿ ಕೇಳಿದರು: "ಇದು ನಮ್ಮ ಮನೆ ಅಲ್ವಾ?"

"ಅಲ್ಲ ಅತ್ತೆ."

"ಹಾಗಾದ್ರೆ ಮುಗೀತು. ಇಲ್ಲದ ಮನೆ ಗೊತ್ತಾಗ್ತಿದೆ, ಇರೋ ಮನೆ ಗೊತ್ತಾಗ್ತಿಲ್ಲ. ಅರಳು ಮರಳು ಅಂತಾರಲ್ಲ, ಹೀಗೇ ಶುರುವಾಗೋದು. ಕಣ್ಣು ಹೋದ್ರೂ ತಲೆ ಇದೆ ಅನ್ನೋ ಧೈರ್ಯ ಒಂದಿತ್ತು." ಮಗಳಿದ್ದ ದಿಕ್ಕಿಗೆ ಕೈ ಚಾಚಿದರು. "ಚೀಲ ತಂದಿದೀಯಲ್ಲ. ನನ್ನ ಬಟ್ಟೆ ತುಂಬ್ಕೋ. ಇವಳಿಗೆ ನಾನು ಹೊರೆಯಾಗೋದು ಬೇಡ."

ಅತ್ತೆ ಹೊರೆ ಎಂಬ ಮಾತನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ಆಡಿದವರಲ್ಲ. ಹೋಗಬೇಡಿ ಎನ್ನಬೇಕು ಸೊಸೆ, ಆದರೆ ಯಾವ ಬಾಯಲ್ಲಿ? ಹಣೆಯ ಮೇಲಿನ ಗಾಯ ಕಣ್ಣಿಗೆ ರಾಚುತ್ತಿತ್ತು.

ನಾದಿನಿ ಕಣ್ಣೊರೆಸಿಕೊಂಡು ತಾಯಿಯ ಸಾಮಾನಿನ ಗಂಟನ್ನು ಅಲ್ಲಿಗೇ ತಂದು ಬಿಚ್ಚಿದಳು. ಮೇಲೇ ಇದ್ದ ಕ್ಯಾನ್ವಾಸ್ ಬಟ್ಟೆ ಕೈಗೆ ಬಂತು. ಬಿಡಿಸಿ ನೋಡಿ ಹುಬ್ಬು ಗಂಟಿಕ್ಕಿದಳು.

"ಅಮ್ಮ ಸರಿಯಾಗೇ ಹೇಳಿದ್ಲಲ್ಲ. ಇದರಲ್ಲಿ ಗುಂಡಿ ಬಲಗಡೇನೇ ಇದೆ."

"ಎಲ್ಲಿ? ನಾನು ಎಡಕ್ಕೇ ಗೀಟು ಎಳೆದಿದ್ದು." ಸೊಸೆ ಬಟ್ಟೆ ಕಿತ್ತುಕೊಂಡಳು. ಗುಂಡಿ ಬಲಕ್ಕಿತ್ತು. ಮಗುಚಿದಳು. ಹಿಂದೆ ಸೀಮೆಸುಣ್ಣದ ಗೀಟಿನಲ್ಲಿ ಅಡುಗೆ ಮೂಲೆ ಎಡಕ್ಕಿತ್ತು. ಮತ್ತೆ ಮಗುಚಿದಳು, ಬಲ. ಮಗುಚಿದಳು, ಎಡ.

ಅವಳು ಇದ್ದಲ್ಲೇ ಧೂಳಿನಲ್ಲಿ ಕುಸಿದು ಕೂತಳು. ಗೀಟು ಎಳೆದದ್ದು ಮೇಲುಮೈಗೆ, ದಾರ ಕೂತದ್ದು ಅಡಿಮೈಗೆ. ಬಲ ತೋಳೇ ಎರಡು ಕತ್ತರಿಸಿಟ್ಟ ಹೊಸ ದರ್ಜಿಯ ಹಾಗೆ, ಇಡೀ ಮನೆಯನ್ನೇ ತಿರುವಿ ಹೊಲಿದಿಟ್ಟಿದ್ದಳು!

"ಅತ್ತೆ, ತಪ್ಪು ನಂದು!" ಎಂದು ಕೂಗಿದಳು. ಯಾರೂ ತಪ್ಪನ್ನು ಇಷ್ಟು ಖುಷಿಯಿಂದ ಒಪ್ಪಿಕೊಂಡಿರಲಾರರು. "ನಿಮ್ಮ ತಲೆ ಸರಿಯಾಗಿದೆ! ಕೆಟ್ಟಿರೋದು ನನ್ನ ತಲೆ! ಬಾಬಿನ್ ದಾರ ಅಂತ ಮಗುಚಿ ಹೊಲಿದೆ, ಗೀಟನ್ನ ಮಗುಚಿ ಎಳೆಯೋದು ಮರೆತೆ!"

ಅತ್ತೆಯ ಮುಖದ ಮೇಲೆ ಬಣ್ಣ ಮೆಲ್ಲಗೆ ಮರಳಿತು. ಆಮೇಲೆ ಶುರುವಾಯಿತು ನೋಡಿ!

"ಕತ್ತೆ! ಹುಟ್ಟುಗತ್ತೆ! ಮಗುಚಿ ಹೊಲಿಯೋ ಕೆಲಸಕ್ಕೆ ಗೀಟೂ ಮಗುಚಿ ಅಂತ ನಿನ್ನ ಕಿವೀಲಿ ಎಷ್ಟು ಸಲ ಊದಿದೀನಿ? ಗಿರಾಕಿ ಕೋಟಾಗಿದ್ರೆ ಬಿಚ್ಚಿ ಹೊಲೀಬಹುದಿತ್ತು, ನನ್ನ ಹಣೇನ ಯಾರೇ ಬಿಚ್ಚಿ ಹೊಲಿಯೋರು? ಅರಳು ಮರಳು ಅಂತ ನಾನು ಇಲ್ಲಿ ಜೀವ ಬಿಡ್ತಿದ್ದೆ!" ಕೊನೆಯ ಮಾತಿಗೆ ದನಿ ಒಡೆಯಿತು. ಸೊಸೆ ಅವರ ಮಂಡಿ ತಬ್ಬಿಕೊಂಡು ಅತ್ತಳು, ಅಳುತ್ತಲೇ ನಕ್ಕಳು.

ನಾದಿನಿ ಮಾತ್ರ ಹಿಡಿದ ಪಟ್ಟು ಬಿಡಲಿಲ್ಲ. "ತಲೆ ಸರಿಯಿದೆ, ಸಂತೋಷ. ಆದ್ರೂ ಅಮ್ಮ ಈಗ ಕಲಿತಿರೋದು ತಪ್ಪು ಮನೆ ತಾನೇ? ಸರಿ ಮನೆ ಕಲಿಯೋವರೆಗೆ ಇನ್ನೆಷ್ಟು ಸಲ ಬೀಳಬೇಕು? ನನ್ನ ಜೊತೆ ಬರಲಿ."

"ತಾಳು" ಎಂದರು ಅತ್ತೆ. "ಜೀವಮಾನವೆಲ್ಲ ಬಟ್ಟೆ ಮಗುಚಿದವಳು ನಾನು. ಒಂದು ಮನೆ ಮಗುಚೋಕೆ ಆಗಲ್ವಾ?"

ಮತ್ತೆ ಈಚೆ ಮನೆಗೆ ಬಂದರು. ಹೊಸ್ತಿಲಲ್ಲಿ ನಿಂತು ಗಾಳಿಯಲ್ಲಿ ಅಂಗೈಯನ್ನು ಒಮ್ಮೆ ತಿರುವಿದರು. ಈ ಸಲ ಉತ್ಸಾಹವಿಲ್ಲ, ಒಂದು ಕೈ ಹಣೆಯ ಮುಂದೆ. ಎಡಕ್ಕೆ ಹೋದರು. ನಿಂತರು. ಇನ್ನೊಂದು ಹೆಜ್ಜೆ. ನಲ್ಲಿ ಸಿಕ್ಕಿತು, ತಿರುಗಿಸಿದರು, ನೀರು ಬಂತು. ಸೊಸೆ ಉಸಿರು ಬಿಟ್ಟಳು. ಅಲ್ಲಿಂದ ಕಂಬ. ಕಂಬ ದಾಟಿ ಬಚ್ಚಲಿನತ್ತ. ನಾದಿನಿ ಆಗಲೇ ಓಡಿ ಹೋಗಿ ಬಚ್ಚಲಿನ ಬಳಿ ತಾಯಿಗೆ ಎದುರಾಗಿ ನಿಂತಿದ್ದಳು. ತಾಯಿ ತೊಲೆಯ ಹತ್ತಿರ ಹತ್ತಿರ ಬರುತ್ತಿದ್ದಂತೆ ಅವಳ ಜೀವ ಬಾಯಿಗೆ ಬಂತು.

"ಅಮ್ಮಾ, ಬಲಕ್ಕೆ! ಬಲಕ್ಕೆ ಸರಿ!"

ಮಗಳ ಮಾತು ಕೇಳಿ ತಾಯಿ ಬಲಕ್ಕೆ ಸರಿದರು. ಚಾಚಿದ ಅಂಗೈ ಪಟಾರನೆ ತೊಲೆಗೆ ಬಡಿಯಿತು.

"ಯಾರ ಬಲ ಕಣೇ? ನಿಂದೋ, ನಂದೋ?" ಎಂದರು ಅತ್ತೆ.

ನಾದಿನಿ ತನ್ನ ಕೈ ನೋಡಿಕೊಂಡಳು, ತಾಯಿಯ ಕೈ ನೋಡಿದಳು. ಬಾಗಿಲಲ್ಲಿ ಬೀಗದಣ್ಣನಿಗೆ ಕೆಮ್ಮು ಬಂತು.

ಅತ್ತೆ ತೊಲೆಯಿಂದ ಕೈ ತೆಗೆದು, ತಾವೇ ಎಡಕ್ಕೆ ಸರಿದು, ಮಗಳವರೆಗೂ ನಡೆದು ಬಂದು ಅವಳ ಕೆನ್ನೆ ಮುಟ್ಟಿದರು. ಕೆನ್ನೆ ಒದ್ದೆಯಾಗಿತ್ತು.

"ನಿನ್ನ ಪ್ರೀತಿ ನನಗೆ ಗೊತ್ತಿಲ್ವೇನೇ? ನಿನ್ನ ಮನೇಲಿ ನನ್ನ ಪ್ರತಿ ಹೆಜ್ಜೆಗೂ ನೀನು ಹೀಗೇ ಎದುರಿಗೆ ನಿಂತು ದಾರಿ ಹೇಳ್ತೀಯ. ಭಯಕ್ಕೆ ನೀನು ತಪ್ಪು ಹೇಳ್ತೀಯ, ಪ್ರೀತಿಗೆ ನಾನು ಕೇಳ್ತೀನಿ. ಇಬ್ರೂ ಬೀಳ್ತೀವಿ. ನನಗೆ ದಾರಿ ಹೇಳೋರು ಬೇಡಮ್ಮ. ಬೈಯೋಕೆ ಒಬ್ಬರು ಬೇಕು. ಅದಕ್ಕೆ ಆ ಕತ್ತೆ ಇದಾಳೆ."

ಕತ್ತೆ ಅನ್ನಿಸಿಕೊಂಡವಳು ಕಂಬಕ್ಕೆ ಮುಖ ತಿರುಗಿಸಿ ನಿಂತಿದ್ದಳು.

ನಾದಿನಿ ತಾಯಿಯ ಹಣೆಗೆ ಔಷಧಿ ಹಚ್ಚಿದಳು, ತೊಲೆಗೆ ಉದ್ದಕ್ಕೂ ಹಳೇ ರಜಾಯಿ ಸುತ್ತಿ ಹಗ್ಗ ಬಿಗಿದಳು. ಇದಕ್ಕೆ ಮೊಳೆ ಬೇಕಿಲ್ಲವಲ್ಲ ಎಂದು ಬೀಗದಣ್ಣನನ್ನು ದುರುಗುಟ್ಟಿ ನೋಡಿದಳು. ಇಳಿಹೊತ್ತಿಗೆ ಒಬ್ಬಳೇ ಹೊರಟಳು. ಬಾಗಿಲ ಬಳಿ ಸೊಸೆಯ ಕೈ ಹಿಡಿದು, "ಅತ್ತಿಗೆ, ದಿನಾ ಒಂದು ಫೋನ್ ಮಾಡಿ" ಎಂದಳು. ಮಾಡುತ್ತೇನೆ ಎಂದು ಸೊಸೆ ಅವಳನ್ನು ಲಿಫ್ಟಿಗೆ ಹತ್ತಿಸಿ ಬಂದಳು.

ಒಳಗಿನಿಂದ ಅತ್ತೆ ಕೂಗಿದರು: "ಏನೇ, ಬಾಗಿಲಲ್ಲೇ ಬೇರು ಬಿಟ್ಟೆಯಾ? ಒಲೆ ಎಲ್ಲಿದೆ ಅಂತ ಮಾತ್ರ ಹೇಳ್ಬೇಡ. ನಾನೇ ಹುಡುಕ್ತಿದೀನಿ."