ಎಲ್ಲರಷ್ಟೇ

ಚಿತಾಗಾರದ ನೌಕರ ಶವವಿದ್ದ ತಳ್ಳುಗಾಡಿಯ ಹಿಡಿಯಿಂದ ಕೈ ತೆಗೆದು, ಹೂವಿನ ಚಕ್ರಕ್ಕೆ ಕಟ್ಟಿದ್ದ ರಿಬ್ಬನ್ನನ್ನು ಎರಡು ಬೆರಳಿನಲ್ಲಿ ಎಳೆದು ನೇರ ಮಾಡಿ ಇನ್ನೊಮ್ಮೆ ಓದಿದ. ಓದುವಾಗ ಅವನ ತುಟಿಗಳು ಅಲ್ಲಾಡುತ್ತಿದ್ದವು.

"ಪರಮಾಣು ಸಂಶೋಧನಾ ಕೇಂದ್ರ," ಎಂದ. "ಇವರು ಅಲ್ಲಿದ್ರಾ?"

"ಹೌದು," ಎಂದಳು ಸತ್ತವನ ಹೆಂಡತಿ.

"ಆಫೀಸಲ್ಲೋ, ಒಳಗೋ?"

"ಒಳಗೆ."

ರಿಬ್ಬನ್ನು ಬಿಟ್ಟು ಅವನು ಆ ಎರಡು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಒರೆಸಿಕೊಂಡದ್ದು ಅವನಿಗೇ ಗೊತ್ತಾದಂತಿರಲಿಲ್ಲ.

"ಹೇಗೆ ಹೋದ್ರು?"

"ತಲೇಲಿ ರಕ್ತನಾಳ ಒಡೀತು. ಡಾಕ್ಟರ ಚೀಟಿ ನಿಮ್ಮ ಕೈಲೇ ಇದೆ."

"ಚೀಟೀಲಿ ಅವರು ಏನು ಬೇಕಾದ್ರೂ ಬರೀತಾರೆ. ಇಷ್ಟು ಚಿಕ್ಕ ವಯಸ್ಸು..."

"ಅದನ್ನೇ ಕಣಪ್ಪ ನಾನೂ ಹೇಳ್ತಿರೋದು," ಎಂದರು ಕಲ್ಲುಬೆಂಚಿನ ಮೇಲೆ ಕೂತಿದ್ದ ಚಿಕ್ಕಪ್ಪ. ಸತ್ತವನ ತಂದೆಯ ತಮ್ಮ ಅವರು. "ಗಟ್ಟಿಮುಟ್ಟಾಗಿದ್ದ ಹುಡುಗ. ಸುಮ್ಸುಮ್ನೆ ಯಾರಿಗಾದ್ರೂ ತಲೇಲಿ ಒಡಿಯುತ್ತಾ?"

ನೌಕರ ಎರಡು ಹೆಜ್ಜೆ ಹಿಂದೆ ಸರಿದ. "ನೋಡೀಮ್ಮ, ತಪ್ಪು ತಿಳೀಬೇಡಿ. ಆ ಚಿಮಣಿ ಹೊಗೆ ಇಳಿಯೋದು ನಮ್ಮ ಬೀದಿಗೆ. ನನ್ನ ಹೆಂಡ್ತಿ ಮಹಡಿ ಮೇಲೆ ಬಟ್ಟೆ ಒಣಗಿಸ್ತಾಳೆ, ಮಗು ಅಲ್ಲೇ ಆಡುತ್ತೆ. ಇಷ್ಟು ವರ್ಷ ಯಾರನ್ನೂ ವಾಪಸ್ ಕಳಿಸಿದವನಲ್ಲ ನಾನು. ಇವರನ್ನ ಮಾತ್ರ ನನ್ನ ಕೈಲಾಗಲ್ಲ."

ಅವಳು ಅವನ ತಲೆಯ ಹಿಂದಿದ್ದ ಸಣ್ಣ ಪರದೆಯನ್ನು ನೋಡುತ್ತಿದ್ದಳು. ಕುಲುಮೆಯ ಉಷ್ಣಾಂಶ ಅದರಲ್ಲಿ ಕೆಂಪು ಅಂಕಿಗಳಲ್ಲಿ ಏರುತ್ತಿತ್ತು. ಗಂಡ ಇದ್ದಿದ್ದರೆ ಉಷ್ಣಾಂಶ ಅಳೆಯುವ ತಂತಿಯನ್ನು ಕುಲುಮೆಯ ಯಾವ ಮೂಲೆಯಲ್ಲಿ ಇಟ್ಟಿದ್ದೀರಿ ಎಂದು ಕೇಳುತ್ತಿದ್ದ. ನಿನ್ನೆಯಿಂದ ಅವಳಿಗೆ ಅಳು ಬಂದಿರಲಿಲ್ಲ.

ಅವಳು ಅತ್ತೆಯ ಕಡೆ ತಿರುಗಿದಳು. ಅತ್ತೆ ಆಚೆ ಗೋಡೆಯ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಎರಡೂ ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡು ಕೂತಿದ್ದರು. ನಿನ್ನೆ ಆಸ್ಪತ್ರೆಯಲ್ಲಿ ಚಿಕ್ಕಪ್ಪ, "ಮುಟ್ಟಬೇಡಿ ಅತ್ತಿಗೆ, ಯಾವುದಕ್ಕೂ ಸ್ವಲ್ಪ ದೂರ ಇರಿ," ಎಂದಿದ್ದರು. ಅಲ್ಲಿಂದ ಇಲ್ಲಿಯವರೆಗೆ ಅತ್ತೆ ಮಗನ ಹತ್ತಿರ ಹೋಗಿರಲಿಲ್ಲ. ಬೆಳಿಗ್ಗೆ ಅವನಿಗೆ ಅಂಗಿ ತೊಡಿಸುವಾಗ ಬಾಗಿಲಲ್ಲಿ ನಿಂತು ನೋಡಿದರು, ಅಷ್ಟೆ. ತೋಳು ಬಗ್ಗಿಸಲಾಗದೆ ಅವಳು ಒದ್ದಾಡುತ್ತಿದ್ದಾಗ ಎದುರು ಮನೆಯಾಕೆ ಬಂದು ಹಿಡಿದುಕೊಂಡಳು.

ಅವಳಿಗೆ ಉಳಿದಿದ್ದ ಆಸೆ ಒಂದೇ. ಆ ಕಬ್ಬಿಣದ ಬಾಗಿಲು ಮುಚ್ಚುವ ಮೊದಲು ಅತ್ತೆ ಅವನನ್ನು ಒಮ್ಮೆ ಮುಟ್ಟಬೇಕು. ಏಕೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಗೊತ್ತಾಗುತ್ತಿರಲಿಲ್ಲ.

*

ಮದುವೆಯಾದ ಹೊಸತು. ಊಟದ ಮೇಜಿನಲ್ಲಿ ಚಿಕ್ಕಪ್ಪ ಅವಳ ಗಂಡನನ್ನು ಕೇಳಿದ್ದರು: "ಅಲ್ವೋ, ಅಲ್ಲಿ ನೀನು ಮಾಡೋದಾದ್ರೂ ಏನು? ಬಾಂಬು ಗೀಂಬು ಏನಾದ್ರೂ?"

"ಇಲ್ಲ ಚಿಕ್ಕಪ್ಪ. ಖಾಲಿ ಸೈಟು ಎಣಿಸ್ತೀನಿ."

ಅವನು ಸುಳ್ಳು ಹೇಳಿರಲಿಲ್ಲ. ಉಕ್ಕಿನೊಳಗೆ ಪರಮಾಣುಗಳು ಸಾಲಾಗಿ ನಿಂತಿರುತ್ತವೆ. ಒಂದೊಂದು ನಿಂತ ಜಾಗಕ್ಕೂ ಅವರ ಭಾಷೆಯಲ್ಲಿ ಸೈಟು ಎಂದೇ ಹೆಸರು. ರಿಯಾಕ್ಟರಿನ ಕೊಳವೆಗಳಿಗೆ ವರ್ಷಗಟ್ಟಲೆ ಕಣಗಳ ಏಟು ಬಿದ್ದು ಕೆಲವು ಪರಮಾಣುಗಳು ಜಾಗ ಬಿಟ್ಟು ಹಾರುತ್ತವೆ, ಸೈಟು ಖಾಲಿಯಾಗುತ್ತದೆ. ಅಂಥ ಖಾಲಿಗಳು ಒಂದೆಡೆ ಸೇರಿದರೆ ಉಕ್ಕು ಉಬ್ಬುತ್ತದೆ, ಬಲ ಕಳೆದುಕೊಳ್ಳುತ್ತದೆ. ಕಣ್ಣಿಗೆ ಕಾಣದ ಆ ಖಾಲಿಯನ್ನು ಪತ್ತೆ ಮಾಡಲು ಅವನು ಉಕ್ಕಿನೊಳಗೆ ಒಂದು ಬಗೆಯ ಕಣವನ್ನು ಬಿಡುತ್ತಿದ್ದ. ಅದು ಹುಟ್ಟಿದೊಡನೆ ಸಾಯುವಂಥದ್ದು. ಖಾಲಿ ಜಾಗ ಸಿಕ್ಕಿದರೆ ಮಾತ್ರ ಅಲ್ಲಿ ತಂಗಿ ಚೂರು ಹೆಚ್ಚು ಹೊತ್ತು ಬದುಕುತ್ತದೆ. ಆ ಚೂರನ್ನು ಅಳೆಯುವುದೇ ಅವನ ಸಂಬಳದ ಕೆಲಸ.

ಚಿಕ್ಕಪ್ಪನ ಕಿವಿಗೆ ಬಿದ್ದದ್ದು ಮೊದಲ ವಾಕ್ಯ ಮಾತ್ರ. ಸ್ವಲ್ಪ ದಿನ ಬಿಟ್ಟು ಫೋನು ಮಾಡಿದರು. "ನಮ್ಮ ದೊಡ್ಡವನಿಗೆ ಒಂದು ಮೂಲೆ ಸೈಟು ನೋಡಪ್ಪ. ನಿನ್ನ ಕೈಲೇ ಇದೆಯಲ್ಲ ಎಲ್ಲ. ಮುಂದಿನ ರಸ್ತೆ ಅಗಲ ಇರ್ಲಿ."

"ಎಷ್ಟು ಬೇಕಾದ್ರೂ ಇದೆ ಚಿಕ್ಕಪ್ಪ," ಎಂದ ಅವನು ಗಂಭೀರವಾಗಿ. "ಅಳತೆ ಮಾತ್ರ ಸ್ವಲ್ಪ ಕಿರಿದು."

ಅತ್ತೆ ನಕ್ಕು ನಕ್ಕು ಗೋಡೆ ಹಿಡಿದುಕೊಂಡಿದ್ದರು. ಆಮೇಲೆ ಅದು ಮನೆಯ ಮಾತೇ ಆಯಿತು. ಸಂಜೆ ಅವನು ಚಪ್ಪಲಿ ಬಿಡುವಾಗ ಅತ್ತೆ ಒಳಗಿನಿಂದಲೇ ಕೂಗುತ್ತಿದ್ದರು: "ಇವತ್ತು ಎಷ್ಟು ಸೈಟು ಹೋಯ್ತೋ?"

"ಗಿರಾಕಿ ಇಲ್ಲಮ್ಮ."

ಖಾಲಿಯಾದದ್ದು ಮತ್ತೆ ತುಂಬುವುದಿಲ್ಲವೇ ಎಂದು ಒಮ್ಮೆ ಅವಳು ಕೇಳಿದ್ದಳು. ತುಂಬುತ್ತದೆ, ಚೆನ್ನಾಗಿ ಕಾಯಿಸಿ ನಿಧಾನಕ್ಕೆ ಆರಲು ಬಿಡಬೇಕು ಎಂದಿದ್ದ. ಆಮೇಲೆ, ಪೂರ್ತಿ ತುಂಬಲ್ಲ, ಎಂದ.

*

"ನಾನು ಮಾತಾಡ್ತೀನಿ, ನೀವು ಸುಮ್ನಿರಿ," ಎಂದು ಮುಂದೆ ಬಂದವರು ಕೇಂದ್ರದ ಸುರಕ್ಷತಾ ಅಧಿಕಾರಿ. ವಿಕಿರಣ ಅಳೆಯುವ ಯಂತ್ರವನ್ನು ಹೆಗಲಿಗೆ ತೂಗುಹಾಕಿಕೊಂಡೇ ಓಡಾಡುವ ಅವರಿಗೆ ಅಲ್ಲಿ ಎಲ್ಲರೂ ಇಟ್ಟ ಹೆಸರು ಟಿಕ್‌ಟಿಕ್. ಇವತ್ತು ಕೆಲಸದಿಂದ ನೇರವಾಗಿ ಬಂದಿದ್ದರು, ಯಂತ್ರ ಕಾರಿನಲ್ಲೇ ಇತ್ತು. "ಮಾತೇ ಬೇಡ. ಅಳೆದು ತೋರಿಸಿಬಿಡೋಣ, ಅವರಿಗೂ ಸಮಾಧಾನ."

ಕಾರಿನಿಂದ ಯಂತ್ರ ತಂದು, ಶವದ ಎದೆಯ ಮೇಲೆ ಹಿಡಿದು, ಗುಂಡಿ ಒತ್ತಿದರು.

ಟಿಕ್. ಟಿಕ್ ಟಿಕ್. ಟಿಕ್.

ಇಡೀ ಹಾಲ್ ಹಿಂದೆ ಸರಿಯಿತು. ಒಂದು ಕುರ್ಚಿ ಉರುಳಿತು. ಯಾರೋ, "ಅಯ್ಯೋ ದೇವರೇ," ಎಂದರು.

"ಏನಾಯ್ತು?" ಎಂದು ಟಿಕ್‌ಟಿಕ್ ನಿಜವಾಗಿಯೂ ಗೊತ್ತಾಗದೆ ಸುತ್ತ ನೋಡಿದರು.

"ಏನಾಯ್ತು ಅಂತ ನೀವು ಕೇಳ್ತೀರಲ್ಲ ಸ್ವಾಮಿ!" ನೌಕರ ಈಗ ಬಾಗಿಲ ಹತ್ತಿರವಿದ್ದ. "ಹೆಣದ ಮೇಲೆ ಹಿಡಿದ್ರಿ, ಬಡ್ಕೊಳ್ತಾ ಇದೆ. ನನಗೇನು ಕಿವಿ ಇಲ್ವಾ?"

"ಇದಾ? ಅಯ್ಯೋ, ಇದು ಎಲ್ಲ ಕಡೆ ಬರೋದೇ ಕಣ್ರೀ. ಆಕಾಶದಿಂದ ಬರುತ್ತೆ, ನೆಲದಿಂದ ಬರುತ್ತೆ. ಇದು ಸುಮ್ಮನಾದ್ರೆ ನಾವು ಹೆದರೋದು, ಯಂತ್ರ ಕೆಟ್ಟಿದೆ ಅಂತ."

"ಕೇಳಿದ್ರಾ? ಸುಮ್ಮನಾದ್ರೆ ಹೆದರ್ತಾರಂತೆ!" ಚಿಕ್ಕಪ್ಪ ಕೂತಲ್ಲಿಂದಲೇ ಕೈಯೆತ್ತಿದರು. "ನಾನು ಬಡ್ಕೊಂಡೆ. ಯಾರು ಕೇಳಿದ್ರಿ ನನ್ನ ಮಾತು?"

ಟಿಕ್‌ಟಿಕ್ ಇಪ್ಪತ್ತು ವರ್ಷ ಈ ಸದ್ದಿನ ನಡುವೆಯೇ ಊಟ ಮಾಡಿದ ಮನುಷ್ಯ. ಇದನ್ನು ಮೊದಲ ಸಲ ಕೇಳುವ ಕಿವಿಯೊಂದು ಇರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ.

"ಸರ್," ಎಂದಳು ಅವಳು. ತನ್ನ ದನಿ ಬೇರೆ ಕೋಣೆಯಿಂದ ಬಂದಂತೆ ಕೇಳಿಸಿತು. "ಆ ಕಲ್ಲುಬೆಂಚಿನ ಮೇಲೆ ಹಿಡೀರಿ."

*

ಹೊಸ ಮನೆಗೆ ಹೋದ ವರ್ಷ ಅವಳೇ ಕೇಳಿದ್ದಳು: "ನಿಜ ಹೇಳು. ಅಲ್ಲಿಂದ ಮೈಗೆ ಏನಾದ್ರೂ ಅಂಟಿಸ್ಕೊಂಡು ಬರ್ತೀಯಾ?"

ಅವನಿಗೆ ಬೇಸರವಾಗಲಿಲ್ಲ. ಮುಂದಿನ ಭಾನುವಾರ ಟಿಕ್‌ಟಿಕ್ ಬಳಿ ಕೇಳಿ ಯಂತ್ರ ತಂದ. ತನ್ನ ಬೂಟು, ಚೀಲ, ತಲೆದಿಂಬು, ಮೈ, ಒಂದೊಂದರ ಮೇಲೂ ಹಿಡಿದು ಅವಳಿಗೆ ಕೇಳಿಸಿದ. ಎಲ್ಲೂ ಅದೇ ಸೋಮಾರಿ ಸದ್ದು. ಅಡುಗೆಮನೆಯ ಗ್ರಾನೈಟ್ ಕಟ್ಟೆಗೆ ಬಂದಾಗ ಮಾತ್ರ ಸದ್ದು ಚುರುಕಾಯಿತು. ಅವನಿಗೆ ಮಕ್ಕಳಿಗಾಗುವಷ್ಟು ಖುಷಿ.

"ನೋಡು! ನನಗಿಂತ ನಿನ್ನ ಕಟ್ಟೆ ಜೋರು. ಭೂಮಿ ಹುಟ್ಟಿದಾಗಿನಿಂದ ಕಲ್ಲೊಳಗೆ ಉಳಿದಿರೋದು ಇದು. ಏನೂ ಮಾಡಲ್ಲ ಪಾಪ."

"ನಿನ್ನ ಎದೆ ಮೇಲೆ ಹಿಡಿದಾಗ ಸುಮ್ಮನೆ ಗಾಳೀಲಿ ಹಿಡಿದಾಗಿನಕ್ಕಿಂತ್ಲೂ ಕಡಿಮೆ ಇತ್ತು. ಅದ್ಯಾಕೆ?" ರಸಾಯನಶಾಸ್ತ್ರ ಓದಿದ್ದ ಅವಳು ಅಷ್ಟನ್ನು ಗಮನಿಸಿದ್ದಳು.

"ನಾನು ಅಡ್ಡ ಇದ್ದೀನಲ್ಲ," ಎಂದ ಅವನು. "ಗೋಡೆಯಿಂದ ಬರೋದನ್ನ ಚೂರು ತಡೀತೀನಿ."

*

ಕಲ್ಲುಬೆಂಚಿನ ಹತ್ತಿರ ಯಂತ್ರ ಬರುತ್ತಿದ್ದಂತೆ ಸದ್ದು ಒತ್ತೊತ್ತಾಯಿತು. ಟಿಕ್‌ಟಿಕ್ ಬಗ್ಗಿ ಅದನ್ನು ಚಿಕ್ಕಪ್ಪನ ತೊಡೆಯ ಪಕ್ಕಕ್ಕೆ ಹಿಡಿದರು. ಚಿಕ್ಕಪ್ಪ ಚೇಳು ಕುಟುಕಿದವರಂತೆ ಎದ್ದು ನಿಂತು, ಪ್ಯಾಂಟಿನ ಹಿಂಭಾಗವನ್ನು ಎರಡೂ ಕೈಯಿಂದ ಕೊಡವಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕು, ಅದನ್ನು ಕೆಮ್ಮಾಗಿ ಬದಲಾಯಿಸಿದರು.

"ಇಲ್ಲಿ ಕೇಳಿ," ಎಂದು ಟಿಕ್‌ಟಿಕ್ ಶವದ ಬಳಿಗೆ ಹೋದರು. ಸದ್ದು ವಿರಳವಾಯಿತು. ಬೆಂಚಿಗೆ ಬಂದರು. ಮತ್ತೆ ಒತ್ತಾಯಿತು.

"ಒಂದ್ನಿಮಿಷ, ಒಂದ್ನಿಮಿಷ," ನೌಕರ ಹತ್ತಿರ ಬಂದ. "ಆ ಬೆಂಚಿನ ಮೇಲೆ ದಿನಾ ಮಧ್ಯಾಹ್ನ ನಿದ್ದೆ ಮಾಡ್ತೀನಲ್ರೀ ನಾನು!"

"ಮಾಡಿ. ಏನೂ ಆಗಲ್ಲ."

"ಈ ಕಲ್ಲಿಗಿಂತ ಕಡಿಮೆನಾ ಅವರು?"

"ಕಡಿಮೆ."

ನೌಕರ ಬೆಂಚನ್ನು ನೋಡಿದ, ತಳ್ಳುಗಾಡಿಯನ್ನು ನೋಡಿದ. ಆಮೇಲೆ ತನ್ನ ಎದೆಯನ್ನು ಮುಂದೆ ಮಾಡಿ, "ಎಲ್ಲಿ, ನನಗೆ ಹಿಡೀರಿ," ಎಂದ. ಟಿಕ್, ಎಂದಿತು ಯಂತ್ರ. ತುಸು ಬಿಟ್ಟು, ಟಿಕ್ ಟಿಕ್. ಅವನು ಕಿವಿಗೊಟ್ಟು ಕೇಳಿ ತಲೆಯಾಡಿಸಿದ. "ಸರಿ ಬಿಡಿ. ಆಚೆ ಇನ್ನೊಂದು ಗಾಡಿ ಕಾಯ್ತಾ ಇದೆ. ನೋಡೋರು ಬೇಗ ನೋಡ್ಬಿಡಿ." ಹೂವಿನ ಚಕ್ರವನ್ನು ತೆಗೆದು ಗೋಡೆಗೆ ಒರಗಿಸಿ, ಕಬ್ಬಿಣದ ಬಾಗಿಲನ್ನು ಮೇಲೆತ್ತಿದ. ಹಾಲ್‌ನೊಳಗೆ ಬಿಸಿ ನುಗ್ಗಿತು.

ಜನ ಒಬ್ಬೊಬ್ಬರಾಗಿ ಬಂದು ಪಾದದ ಬಳಿ ನಿಂತು ಸರಿದರು. ಅವಳು ಅತ್ತೆಯ ಕುರ್ಚಿಯ ಮುಂದೆ ಹೋಗಿ ನಿಂತಳು.

"ಅತ್ತೆ, ಬನ್ನಿ. ಬಾಗಿಲು ಹಾಕ್ಬಿಡ್ತಾರೆ."

ಅತ್ತೆ ಎದ್ದರು. ನಡೆದರು. ಆದರೆ ಮಗನನ್ನು ದಾಟಿಕೊಂಡು ಟಿಕ್‌ಟಿಕ್ ಎದುರು ಹೋಗಿ ನಿಂತರು.

"ನನಗೂ ಹಿಡೀರಪ್ಪ."

"ಅತ್ತಿಗೆ, ಇದೆಲ್ಲ ಆಮೇಲೆ," ಎಂದರು ಚಿಕ್ಕಪ್ಪ.

ಅತ್ತೆ ಶಾಲಿನಿಂದ ಕೈ ಹೊರತೆಗೆದು ಹೊಟ್ಟೆಯ ಮೇಲೆ ಇಟ್ಟುಕೊಂಡರು. "ಇಲ್ಲಿ. ಇಲ್ಲಿ ಹಿಡೀರಿ."

"ಹೆದರಬೇಡಿ ಅತ್ತೆ," ಎಂದಳು ಅವಳು. "ಅವನಿಂದ ಯಾರಿಗೂ ಏನೂ ಬರಲ್ಲ. ಈಗ ತಾನೇ ನೋಡಿದ್ರಲ್ಲ."

"ಅವನಿಂದ ನನಗೇನು ಬರುತ್ತೆ ಕಣೇ." ಅತ್ತೆಯ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಅವನಿಗೇ ನನ್ನಿಂದ ಬಂದಿದ್ದು. ಆ ಡಾಕ್ಟರು ಹೇಳಿದ್ರಲ್ಲ, ಆ ನರದ ಗೋಡೆ ಹುಟ್ಟಿನಿಂದಲೇ ತೆಳು ಇತ್ತು ಅಂತ. ಹುಟ್ಟಿನಿಂದ ಅಂದ್ರೆ ಎಲ್ಲಿಂದ? ಇಲ್ಲಿ ತಾನೇ ಅದು ತಯಾರಾಗಿದ್ದು? ನಾನೇ ತಾನೇ ತೆಳು ಮಾಡಿ ಕಳಿಸಿದ್ದು? ಯಾವ ಮುಖ ಇಟ್ಕೊಂಡು ಮುಟ್ಟಲಿ ಅವನನ್ನ?"

ಆಸ್ಪತ್ರೆಯ ಓಣಿಯಲ್ಲಿ ಡಾಕ್ಟರು ಹೇಳಿದ ಆ ಮಾತನ್ನು ಅವಳೂ ಕೇಳಿದ್ದಳು. ಒಂದು ಮಾಹಿತಿಯಂತೆ ಕೇಳಿ, ಬದಿಗಿಟ್ಟಿದ್ದಳು. ಪಕ್ಕದಲ್ಲೇ ನಿಂತಿದ್ದ ಅತ್ತೆ ಅದನ್ನು ಹೊತ್ತುಕೊಂಡು ಮನೆಗೆ ಬಂದದ್ದು ಅವಳಿಗೆ ಕಂಡಿರಲಿಲ್ಲ.

ಟಿಕ್‌ಟಿಕ್ ಯಂತ್ರವನ್ನು ನೋಡಿದರು, ಅವಳನ್ನು ನೋಡಿದರು. ಅತ್ತೆ ಕೇಳುತ್ತಿರುವುದನ್ನು ಅಳೆಯುವ ಯಂತ್ರ ಇದಲ್ಲ. ಅದು ಅವರಿಗೆ ಗೊತ್ತು, ಅವಳಿಗೂ ಗೊತ್ತು. ಅವಳು ಹಿಡೀರಿ ಎಂಬಂತೆ ತಲೆಯಾಡಿಸಿದಳು.

ಅವರು ನೆಲಕ್ಕೆ ಮೊಣಕಾಲೂರಿ ಯಂತ್ರವನ್ನು ಅತ್ತೆಯ ಹೊಟ್ಟೆಗೆ ಹಿಡಿದರು. ಟಿಕ್. ಟಿಕ್ ಟಿಕ್. ನೌಕರ ಎತ್ತಿದ್ದ ಬಾಗಿಲನ್ನು ಸಪ್ಪಳವಾಗದಂತೆ ಕೆಳಗಿಳಿಸಿದ.

"ಎಷ್ಟು?" ಎಂದು ಅತ್ತೆ ಕೇಳಿದರು.

"ಎಲ್ಲರಷ್ಟೇ, ಅಮ್ಮ."

"ಸರಿಯಾಗಿ ನೋಡಿ."

ಟಿಕ್‌ಟಿಕ್ ಕೈ ತೆಗೆಯಲಿಲ್ಲ. ಯಂತ್ರ ತನ್ನ ಪಾಡಿಗೆ ಬಿಟ್ಟು ಬಿಟ್ಟು ಸದ್ದು ಮಾಡುತ್ತಿತ್ತು. ಅತ್ತೆ ತಲೆ ಬಗ್ಗಿಸಿ ಅದರ ಮುಳ್ಳನ್ನೇ ನೋಡುತ್ತಿದ್ದರು.

"ಎಲ್ಲರಷ್ಟೇ," ಎಂದರು ಟಿಕ್‌ಟಿಕ್ ಮತ್ತೊಮ್ಮೆ.

ಅತ್ತೆ ಮಗನ ಬಳಿಗೆ ಹೋದರು. ಮುಖ ಮುಟ್ಟಲಿಲ್ಲ. ಅವನ ತಲೆಯ ಕೆಳಗೆ ಬಟ್ಟೆಯೊಂದನ್ನು ಸುರುಳಿ ಸುತ್ತಿ ಇಟ್ಟಿದ್ದರು. ಅದನ್ನು ಮೆಲ್ಲಗೆ ಎಳೆದು ತೆಗೆದು, ಆ ಜಾಗಕ್ಕೆ ತಮ್ಮ ಅಂಗೈ ತೂರಿಸಿದರು. ಎಳೆಗೂಸನ್ನು ಎತ್ತಿಕೊಳ್ಳುವಾಗ ಕತ್ತು ಹಿಂದಕ್ಕೆ ವಾಲದಂತೆ ಹಿಡಿಯುವ ಹಾಗೆ, ಬೆರಳುಗಳನ್ನು ಅಗಲಿಸಿ. ತಲೆಯ ಭಾರಕ್ಕೆ ಅವರ ಮಣಿಕಟ್ಟು ಗಾಡಿಯ ಹಲಗೆಗೆ ಒತ್ತಿತು.

"ಆಯ್ತಾ, ಅಮ್ಮ?" ಎಂದ ನೌಕರ.

ಅತ್ತೆ ಇನ್ನೊಂದು ಕೈಯನ್ನೂ ಅವನ ತಲೆಯ ಅಡಿಗೆ ಕೊಟ್ಟರು.