ಇಟ್ಟಿಗೆಗೆ ಬಾರದ ಮಣ್ಣು

ನಾನೊಂದು ಗೊಬ್ಬರದ ಗಿಡ. ಓದಿದವರು ಗ್ಲಿರಿಸಿಡಿಯಾ ಅನ್ನುತ್ತಾರೆ, ಅಂದುಕೊಳ್ಳಲಿ ಬಿಡಿ. ನಾನು ಬೀಜದಿಂದ ಹುಟ್ಟಿದ್ದಲ್ಲ. ಪಿಳ್ಳಮ್ಮ ತವರಿನ ಬೇಲಿಯಿಂದ ಕಡಿದು, ಹಳೇ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದ ಆರು ಕೊಂಬೆಗಳಲ್ಲಿ ನಾನೂ ಒಂದು. ಕಂಡಕ್ಟರ್ ನಮ್ಮನ್ನು ಸೌದೆ ಅಂದ. ಸೌದೆಯಂತೆ, ಸೌದೆ!

ಮಾಲೂರಿನ ಕಡೆ ಅವಳ ಗಂಡನ ಹೊಲ. ಅದರ ಬದುವಿನ ಮೇಲೆ ನಮ್ಮನ್ನು ನೆಟ್ಟಳು. ಕೆಂಪು ಮಣ್ಣು, ಬಿಸಿಲು ಬಿದ್ದರೆ ಕಲ್ಲು. ರಾಗಿ ಗೇಣುದ್ದ ಬಂದರೆ ಹೆಚ್ಚು. ಗಂಡ ಕದಿರಪ್ಪನಿಗೆ ಸಾಕಾಗಿತ್ತು. ಇಟ್ಟಿಗೆ ಗೂಡಿನ ಸೊಣ್ಣಪ್ಪ ಬೇರೆ ಮೇಲ್ಮಣ್ಣು ಕೊಡು ಎಂದು ದುಂಬಾಲು ಬಿದ್ದಿದ್ದ.

"ಐದು ವರ್ಷ ನೋಡ್ತೀನಿ ಕಣೆ. ಸೊಣ್ಣಪ್ಪಂಗೆ ಮಾತು ಕೊಟ್ಟಿವ್ನಿ, ಆಮೇಲೆ ಮಣ್ಣು ಎತ್ಕೊಂಡ್ ಹೋಗ್ತಾನೆ."

"ಮಣ್ಣು ಹೋದ್ಮೇಲೆ ಹೊಲ ಎಲ್ಲಿರ್ತದೆ? ಗುಂಡಿ ಇರ್ತದೆ ಅಷ್ಟೇ!" ಪಿಳ್ಳಮ್ಮ ಅತ್ತುಬಿಟ್ಟಳು.

ನಾವು ಚಿಗುರಿದೆವು. ಗಾಳಿಯಲ್ಲಿನ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಟ್ಟೆವು. ಎರಡನೇ ಬೇಸಿಗೆಗೆ ನಾನು ಎಲೆ ಉದುರಿಸಿ, ಮೈತುಂಬ ಗುಲಾಬಿ ಬಣ್ಣದ ಹೂ ಬಿಟ್ಟೆ. ಅಲ್ಲೇ ಎಡವಟ್ಟಾಗಿದ್ದು. ತವರಿನ ಗಿಡ ನೋಡಿ, ಪಿಳ್ಳಮ್ಮನಿಗೆ ಕಡಿಯಲು ಕೈಯೇ ಬರಲಿಲ್ಲ. ಕಡಿಯದ ಗೊಬ್ಬರದ ಗಿಡ ಯಾವ ಸಂಪತ್ತಿಗೆ? ರಾಗಿ ಗೇಣುದ್ದವೇ ಉಳಿಯಿತು.

ಕೊನೆಗೆ ಅತ್ತೆ ನಾರೆಮ್ಮ ಮಚ್ಚು ಹಿಡಿದು ಬಂದಳು. "ಹೂ ನೋಡಿದ್ರೆ ಹೊಟ್ಟೆ ತುಂಬ್ತದೇನಮ್ಮಿ? ಸೊಪ್ಪು ಮಣ್ಣಿಗೆ ಹಾಕು!"

ಸೊಂಟದೆತ್ತರಕ್ಕೆ ಕಡಿದಳು. ನೋವಾಯಿತು, ಸುಳ್ಳೇಕೆ ಹೇಳಲಿ. ಆದರೆ ಎರಡೇ ತಿಂಗಳಲ್ಲಿ ಮತ್ತೆ ತಲೆತುಂಬ ಸೊಪ್ಪು. ಅಂದಿನಿಂದ ಬೇಸಿಗೆಯಲ್ಲೂ ಹಸಿರಾಗಿಯೇ ಇದ್ದೆ. ಆಮೇಲೆ ಪಿಳ್ಳಮ್ಮ ತಾನೇ ಕಡಿದಳು, ಸೊಪ್ಪನ್ನು ಮಣ್ಣಿಗೆ ಸೇರಿಸಿದಳು, ಕೊಂಬೆಗಳನ್ನು ಬದುವಿನುದ್ದಕ್ಕೂ ನೆಟ್ಟಳು. ಆರು ಇದ್ದವರು ನೂರಾದೆವು.

ಐದನೇ ವರ್ಷ ರಾಗಿ ಸೊಂಟದುದ್ದ ಬಂತು. ಆದರೂ ಕೊಯ್ಲು ಮುಗಿದ ಮೇಲೆ ಸೊಣ್ಣಪ್ಪ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. ಕೊಟ್ಟ ಮಾತು ಕದಿರಪ್ಪನ ಬಾಯಿ ಕಟ್ಟಿತ್ತು. ಪಿಳ್ಳಮ್ಮ ನನ್ನ ಬುಡ ಹಿಡಿದು ಕೂತಳು.

ಸೊಣ್ಣಪ್ಪ ಒಂದು ಹಿಡಿ ಮಣ್ಣೆತ್ತಿ, ನೀರು ಚಿಮುಕಿಸಿ ಉಂಡೆ ಕಟ್ಟಿದ. ಉಂಡೆ ಒಡೆಯಿತು. ಒಳಗಿಂದ ಎರೆಹುಳವೊಂದು ಜಾರಿ ಬಿತ್ತು.

"ಥೂ! ಇದೇನ್ ಕದಿರಪ್ಪ, ಬರೀ ಸೊಪ್ಪು, ನಾರು! ಸುಟ್ರೆ ಇಟ್ಟಿಗೆಯೆಲ್ಲಾ ತೂತು. ಈ ಹಾಳು ಮಣ್ಣು ನಂಗ್ ಬ್ಯಾಡಪ್ಪ."

ಟ್ರ್ಯಾಕ್ಟರ್ ಖಾಲಿಯಾಗಿಯೇ ವಾಪಸ್ ಹೋಯಿತು. ಪಿಳ್ಳಮ್ಮ ಸೆರಗು ಬಾಯಿಗೊತ್ತಿಕೊಂಡು ಅಳುತ್ತಲೇ ನಕ್ಕಳು. ಕದಿರಪ್ಪ ಬಗ್ಗಿ ಆ ಹುಳವನ್ನೆತ್ತಿ, ಹೊಲದೊಳಗೆ ಬಿಟ್ಟು, ಮೇಲೆ ಮಣ್ಣೆಳೆದ.

ಈಗ ನನ್ನ ಬುಡ ಮುದಿಯಾಗಿದೆ. ಸೊಪ್ಪು ಕಡಿಯಲು ಕದಿರಪ್ಪನೇ ಬರುತ್ತಾನೆ. ಹೊಗಳಿಕೆ ಬೇಕಾದಷ್ಟು ಕೇಳಿದ್ದೇನೆ. 'ಹಾಳು ಮಣ್ಣು' ಎಂಬ ಆ ಬೈಗುಳದಷ್ಟು ಹಿತವಾದದ್ದು ಇನ್ನೊಂದಿಲ್ಲ.