ಹಳೆಯ ಅಳತೆಯ ಬೆನ್ನುಚೀಲ

ಒಂದು ಸರೋವರದ ದಡದಲ್ಲಿ ರಾತ್ರಿ ತಂಗಿ, ಬೆಳಗ್ಗೆ ಬೆಟ್ಟದ ನೆತ್ತಿ ದಾಟಿ, ಇನ್ನೊಂದು ಸರೋವರಕ್ಕೆ ಇಳಿದು, ಹೊರಟಲ್ಲಿಗೇ ಬಂದು ಸೇರುವ ದಾರಿ ಅದು. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ತಿಂಗಳುಗಳಲ್ಲಿ ಅತ್ತಿಗೆಯ ಮನಸ್ಸಿನಲ್ಲಿದ್ದದ್ದು ಒಂದೇ ಆಸೆ: ಎದ್ದು ಓಡಾಡುವಂತಾದರೆ ಆ ದಾರಿಯನ್ನು ಪೂರ್ತಿ ಸುತ್ತಬೇಕು, ತನ್ನ ಹೊರೆ ತಾನೇ ಹೊತ್ತು. ಈಗ ಎದ್ದಿದ್ದಳು. ಹೊಲಿಗೆ ಕೆಲಸದ ನಾದಿನಿ ಅವಳಿಗೊಂದು ಬೆನ್ನುಚೀಲ ಹೊಲಿದುಕೊಟ್ಟು ತಾನೂ ಜೊತೆಗೆ ಹೊರಟಳು.

“ಅಣ್ಣ ಒಬ್ನೇ ಹಾಲು ಕರೀತಾನಾ ಅತ್ತಿಗೆ?”

“ಕರೀತಾರೆ. ನಾಲ್ಕು ಒದೆ ತಿಂದು ಕರೀತಾರೆ. ಹಸುಗೂ ಬೇಜಾರು ಕಳೀಲಿ.”

ಆದರೆ ಏರು ಶುರುವಾದ ಮೇಲೆ ಅತ್ತಿಗೆಯ ಮಾತು ಕಡಿಮೆಯಾಯಿತು. ಚೀಲದ ಪಟ್ಟಿಗಳು ಹೆಗಲಿಂದ ಜಾರುತ್ತಿದ್ದವು. ಎಳೆದು ಹಾಕಿಕೊಂಡರೆ ಹತ್ತು ಹೆಜ್ಜೆಗೆ ಮತ್ತೆ ಜಾರುತ್ತಿದ್ದವು. ಸಂಜೆ ಮೊದಲ ಸರೋವರ ಮುಟ್ಟುವಷ್ಟರಲ್ಲಿ ಎರಡೂ ತೋಳಿನ ಚರ್ಮ ಉಜ್ಜಿ ಕೆಂಪಾಗಿತ್ತು. ಮರುದಿನದ ನೆತ್ತಿಯ ದಾರಿ ಬರೀ ಕಲ್ಲು. ಹೊರೆ ಓಲಾಡಿದರೆ ಕಾಲು ನಿಲ್ಲುವುದಿಲ್ಲ.

“ನಿಮ್ಮದನ್ನೂ ನಾನೇ ಹೊರ್ತೀನಿ. ಇಲ್ಲಾಂದ್ರೆ ಬೆಳಗ್ಗೆ ಬಂದ ದಾರೀಲೇ ವಾಪಸ್ ಹೋಗೋಣ” ಎಂದಳು ನಾದಿನಿ.

“ಹೊತ್ತಿದ್ದು ಸಾಲ್ಲಿಲ್ವಾ? ಬಚ್ಚಲಿಗೆ ನನ್ನನ್ನೇ ಎತ್ಕೊಂಡು ಹೋಗಿದ್ದೀಯ.” ಅತ್ತಿಗೆ ಪಟ್ಟಿಯನ್ನು ಬೆರಳಿಂದ ಎತ್ತಿ ನೋಡಿದಳು. “ಇದು ಯಾವಾಗಿನ ಅಳತೆಯೇ?”

ನಾದಿನಿ ಟೆಂಟಿನ ಹಗ್ಗ ಬಿಗಿಯುವ ನೆಪ ಮಾಡಿದಳು.

“ನಿನ್ನನ್ನೇ ಕೇಳಿದ್ದು.”

“ಕಾಯಿಲೆಗೆ ಮುಂಚಿಂದು. ನಿಮ್ಮ ಅಳತೆ ನಂಗೆ ಬಾಯಿಪಾಠ ಅಲ್ವಾ.”

“ಬಂದವರಿಗೆಲ್ಲ ಟೇಪು ಹಿಡೀತೀಯ. ನಂಗ್ಯಾಕೆ ಹಿಡೀಲಿಲ್ಲ?”

“ಹಿಡಿದ್ರೆ ಅಳತೆ ಬಾಯಿಗೆ ಬಂದುಬಿಡತ್ತೆ. ಅಭ್ಯಾಸ. ಎಷ್ಟು ಇಳಿದಿದ್ದೀರಿ ಅಂತ ನಿಮ್ಮ ಮುಂದೆ ಹೇಳೋಕೆ ಮನಸ್ಸು ಬರ್ಲಿಲ್ಲ.”

ಅತ್ತಿಗೆ ಸ್ವೆಟರು ತೆಗೆದು ಬೆನ್ನು ತಿರುಗಿಸಿ ನಿಂತಳು. “ಹಿಡಿ. ಗಟ್ಟಿಯಾಗೇ ಹೇಳು. ನಾನೇನು ಉದುರಿ ಹೋಗಲ್ಲ.”

ಟೇಪು ನಾದಿನಿಯ ಜೇಬಿನಲ್ಲೇ ಇತ್ತು. ಒಂದು ಭುಜದಿಂದ ಇನ್ನೊಂದಕ್ಕೆ ಎಳೆದಳು. ಚರ್ಮದ ಕೆಳಗೇ ಮೂಳೆ ಸಿಕ್ಕಿತು. “ಹದಿಮೂರು ಇಂಚು” ಎನ್ನುತ್ತ ಅತ್ತುಬಿಟ್ಟಳು.

“ಇಷ್ಟೇನಾ ಇಳಿದಿರೋದು? ನಾನು ಹನ್ನೊಂದಕ್ಕೆ ಇಳಿದಿದ್ದೀನಿ ಅಂದ್ಕೊಂಡಿದ್ದೆ!”

ಅಳುತ್ತಿದ್ದವಳಿಗೆ ನಗು ಉಕ್ಕಿತು. ಬೆಳಕು ಮಾಸುವ ಮೊದಲು ಪಟ್ಟಿಗಳ ಬುಡ ಬಿಚ್ಚಿ, ಹತ್ತಿರಕ್ಕೆ ತಂದು, ಎರಡೆರಡು ಹೊಲಿಗೆ ಹಾಕಿದಳು. ಅತ್ತಿಗೆ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಟ್ಟಳು. ಹಾಗೆ ಕೊಡುವಾಗೆಲ್ಲ ನಾದಿನಿಯ ಕೈಯನ್ನು ಒಂದು ಕ್ಷಣ ಹಿಡಿದು ಬಿಡುತ್ತಿದ್ದಳು.

ಬೆಳಗ್ಗೆ ನೆತ್ತಿಯ ಮೇಲೆ ಗಾಳಿ ಜೋರಾಗಿತ್ತು. ಮುಂದೆ ಅತ್ತಿಗೆ, ಹಿಂದೆ ನಾದಿನಿ. ಅತ್ತಿಗೆ ನಿಧಾನವಾಗಿ, ಕಲ್ಲು ನೋಡಿ ನೋಡಿ ಕಾಲಿಟ್ಟಳು. ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಂಡಳು. ಚೀಲ ಮಾತ್ರ ಕೆಳಗಿಡಲಿಲ್ಲ. ಇಳಿಜಾರು ಕಾಣಿಸಿದಾಗ, ತಿರುಗದೆಯೇ ಹೇಳಿದಳು:

“ನಿನ್ನಿಂದ ಬದುಕ್ಕೊಂಡೆ ಕಣೇ. ಮನೇಲಿ ಹೇಳೋಕೆ ನಾಚಿಕೆ ಆಗ್ತಿತ್ತು.”

“ಕಾಲ ಕೆಳಗೆ ನೋಡ್ಕೊಂಡು ನಡೀರಿ ಅತ್ತಿಗೆ” ಎಂದಳು ನಾದಿನಿ, ಮೂಗು ಒರೆಸಿಕೊಳ್ಳುತ್ತ.

ಎರಡನೆಯ ಸರೋವರದ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಅತ್ತಿಗೆ ಚೀಲದ ಸಮೇತವೇ ಬಗ್ಗಿ, ಎರಡೂ ಕೈ ಜೋಡಿಸಿ ಮೊಗೆದು ಕುಡಿದಳು. ಮತ್ತೆ ಮೊಗೆದು ನಾದಿನಿಯ ಬಾಯಿಗೆ ಹಿಡಿದಳು.